ಬಾಕ್ಸ್ ನಡುವೆ ಕೂರಿಸಲು ಯಾವ ಸಿಎಸ್‌ಎಸ್ ವಾಸಿ?

ವೆಬ್ ಪುಟದ ಅಂದ, ಜೋಡಣೆ ಹೇಳುವ ಭಾಷೆ ಸಿಎಸ್‌ಎಸ್. ಅದರಲ್ಲಿ ಎರಡು ಸಾಲಿನ ಬಾಕ್ಸನ್ನು ಪುಟದ ನಡುವೆ ತರಲು ಯಾವ ವಿಧಾನವಾದರೂ ಆದೀತು. ವ್ಯತ್ಯಾಸ ಗೊತ್ತಾಗುವುದು ಬಾಕ್ಸ್ ಸ್ಕ್ರೀನಿಗಿಂತ ಉದ್ದವಾದಾಗ. ಅದಕ್ಕೇ ಒಂದು ಲಾಗಿನ್ ಫಾರಂ ಇಟ್ಟುಕೊಂಡು, ಅದರಲ್ಲಿ ಸುಮ್ನೆ ಒಂದಷ್ಟು ಬರಹ ತುಂಬಿ, ಎಲ್ಲವನ್ನೂ ಪರೀಕ್ಷಿಸಿದೆ.

ಮಾರ್ಜಿನ್ ಆಟೋ ಹಳೆಯದಾದರೂ ಗಟ್ಟಿ. ಎಡ-ಬಲದ ಲೆಕ್ಕಕ್ಕೆ ಇದೊಂದೇ ಸಾಕು. ಜೊತೆಗೆ ಮ್ಯಾಕ್ಸ್-ವಿಡ್ತ್ (ಗರಿಷ್ಠ ಅಗಲ) ಕೊಡಬೇಕು, ಇಲ್ಲದಿದ್ದರೆ ಡಿವ್, ಅಂದರೆ ನಮ್ಮ ಬಾಕ್ಸ್, ಇದ್ದ ಅಗಲವನ್ನೆಲ್ಲ ತಾನೇ ತೆಗೆದುಕೊಳ್ಳುತ್ತದೆ.

ಅಬ್ಸಲ್ಯೂಟ್ ಪೊಸಿಷನ್ ನನಗೆ ಇಷ್ಟವಾಗಲಿಲ್ಲ. ಟಾಪ್, ಲೆಫ್ಟ್ ಎರಡಕ್ಕೂ 50%, ಆಮೇಲೆ ಬಾಕ್ಸನ್ನು ಸರಿಸುವ ಟ್ರಾನ್ಸ್‌ಲೇಟ್‌ನಲ್ಲಿ ಮೈನಸ್ 50%. ಮೊದಲನೆಯದು ಪೇರೆಂಟ್‌ನ (ಹೊರಗಿನ ಬಾಕ್ಸಿನ) ಅಳತೆ, ಎರಡನೆಯದು ಬಾಕ್ಸಿನದೇ ಅಳತೆ. ಜಾಣತನ ಇದೆ, ಇಲ್ಲ ಅನ್ನಲ್ಲ. ಆದರೆ ಲೆಫ್ಟ್ 50% ಅಂದ ಕೂಡಲೇ ಬಾಕ್ಸಿಗೆ ಉಳಿಯುವುದು ಅರ್ಧ ಜಾಗ. 320 ಪಿಕ್ಸೆಲ್ ಸ್ಕ್ರೀನಿನಲ್ಲಿ 160 ಮಾತ್ರ. ಅಗಲ ಹೇಳದೆ ಬಿಟ್ಟಿದ್ದರಿಂದ ಸಾಲುಗಳೆಲ್ಲ ತುಂಡುತುಂಡಾದವು. ವಿಡಿಯೊ ಚಿತ್ರದ ಮೇಲೆ ಪ್ಲೇ ಬಟನ್ ಇಡಲು ಸರಿ, ಫಾರಂಗೆ ಬೇಡ.

ನಿಜವಾದ ಪೈಪೋಟಿ ಫ್ಲೆಕ್ಸ್‌ಬಾಕ್ಸ್ (ಸಾಲಾಗಿ ಜೋಡಿಸುವ ವಿಧಾನ) ಮತ್ತು ಗ್ರಿಡ್ (ಚೌಕಳಿಯಾಗಿ ಜೋಡಿಸುವ ವಿಧಾನ) ನಡುವೆ. ಎರಡಕ್ಕೂ ಹೈಟ್ 100ವಿಎಚ್, ಅಂದರೆ ಸ್ಕ್ರೀನಿನ ಪೂರ್ತಿ ಎತ್ತರ, ಕೊಟ್ಟು ನೋಡಿದೆ. ಫ್ಲೆಕ್ಸ್‌ನಲ್ಲಿ ಅಲೈನ್-ಐಟಮ್ಸ್ ಸೆಂಟರ್ ಹಾಕಿದರೆ ಉದ್ದದ ಫಾರಂ ಮೇಲಕ್ಕೂ ಕೆಳಕ್ಕೂ ಸಮನಾಗಿ ಹೊರಚಾಚುತ್ತದೆ. ಕೆಳಗಿನದಕ್ಕೆ ಸ್ಕ್ರೋಲ್ ಮಾಡಬಹುದು, ಮೇಲಿನದಕ್ಕೆ ಆಗದು. ಯೂಸರ್‌ನೇಮ್ ಬಾಕ್ಸೇ ಕಾಣದಿದ್ದರೆ ಲಾಗಿನ್ ಆಗುವುದು ಹೇಗೆ, ಅಲ್ವಾ? ಗ್ರಿಡ್‌ನಲ್ಲಿ ಪ್ಲೇಸ್-ಐಟಮ್ಸ್ ಸೆಂಟರ್ ಹಾಕಿದಾಗ ಈ ತೊಂದರೆ ಬರಲಿಲ್ಲ. ಅಲ್ಲಿ ಫಾರಂ ಜೊತೆ ಅದು ಕೂತ ರೋ (ಅಡ್ಡಸಾಲು) ಕೂಡ ಬೆಳೆಯುತ್ತದೆ, ಹೆಚ್ಚಾದದ್ದು ಕೆಳಗಷ್ಟೇ ಹೋಗುತ್ತದೆ. ಹಾಗಂತ ಪ್ಲೇಸ್-ಕಂಟೆಂಟ್ ಸೆಂಟರ್ ಹಾಕಬೇಡಿ. ಅದು ರೋವನ್ನೇ ನಡುವಿಗೆ ಎಳೆಯುತ್ತದೆ, ಫಾರಂನ ತಲೆ ಮತ್ತೆ ಮಾಯ.

ಫ್ಲೆಕ್ಸ್ ಬಿಡಲಾಗದವರಿಗೆ ದಾರಿ ಇಲ್ಲದಿಲ್ಲ. ಸೆಂಟರ್ ಬದಲು ಒಳಗಿನ ಫಾರಂಗೇ ಮಾರ್ಜಿನ್ ಆಟೋ ಕೊಡಿ. ಜಾಗ ಸಾಲದಾಗ ಆ ಮಾರ್ಜಿನ್ ಸೊನ್ನೆಯಾಗುತ್ತದೆ, ಫಾರಂ ಮೇಲಿಂದಲೇ ಶುರುವಾಗುತ್ತದೆ. ಹೈಟ್ ತೆಗೆದು ಮಿನ್-ಹೈಟ್ (ಕನಿಷ್ಠ ಎತ್ತರ) ಹಾಕಿದರೆ ಇನ್ನೂ ಸಲೀಸು, ಪೇರೆಂಟೇ ಬೆಳೆಯುತ್ತದೆ. ಬಟನ್‌ಗಳ ಸಾಲಿಗೆ, ಐಕಾನ್ ಪಕ್ಕದ ಬರಹಕ್ಕೆ ನಾನೂ ಫ್ಲೆಕ್ಸನ್ನೇ ಬಳಸುತ್ತೇನೆ. ಒಂದೇ ಬಾಕ್ಸ್ ಅಂದರೆ ಮಾತ್ರ ಗ್ರಿಡ್, ಮಿನ್-ಹೈಟ್ ಜೊತೆ.

ಮೇಲೆ-ಕೆಳಗೆ ಮಾತ್ರ ನಡುವೆ ಬೇಕಿದ್ದರೆ 2024ರಿಂದ ಇನ್ನೊಂದು ಅನುಕೂಲ ಆಗಿದೆ. ಕ್ರೋಮ್, ಫೈರ್‌ಫಾಕ್ಸ್, ಸಫಾರಿಗಳಲ್ಲಿ ಮಾಮೂಲಿ ಬ್ಲಾಕ್‌ಗೂ ಅಲೈನ್-ಕಂಟೆಂಟ್ ಸೆಂಟರ್ ನಡೆಯುತ್ತದೆ, ಡಿಸ್‌ಪ್ಲೇ ಬದಲಿಸಿ ಫ್ಲೆಕ್ಸ್, ಗ್ರಿಡ್ ಮಾಡುವುದೇ ಬೇಡ. ಹಳೆಯ ಬ್ರೌಸರ್ ಇರುವವರು ಜಾಸ್ತಿ ಬರುವ ಪುಟವಾದರೆ ಗ್ರಿಡ್ಡೇ ಇರಲಿ.