ಸೈಟು ವ್ಯವಹಾರ ಯಾರಿಂದ ಕಲಿಯಬೇಕು? ಕೋರ್ಸು, ಬ್ರೋಕರ್, ಪತ್ರ ಬರಹಗಾರರು

ದಾವಣಗೆರೆಯಲ್ಲಿ ಮೊದಲ ಸೈಟಿಗೆ ದುಡ್ಡು ಹಾಕುವ ಮುಂಚೆ ಮೂರು ಕಡೆ ಕಲಿಯಲು ಹೋಗಿದ್ದೆ. ದುಡ್ಡು ಕೊಟ್ಟು ಸೇರಿದ ಆನ್‌ಲೈನ್ ಕೋರ್ಸು, ಒಬ್ಬ ಬ್ರೋಕರ್ ಜೊತೆ ಸುತ್ತಾಟ, ಸೋದರಮಾವನಿಗೆ ಗುರುತಿದ್ದ, ಕ್ರಯಪತ್ರ ಬರೆದುಕೊಡುವ ಹಿರಿಯ ಪತ್ರ ಬರಹಗಾರರು. ಮೂರರಿಂದಲೂ ಉಪಯೋಗ ಆಯ್ತು, ಆದರೆ ಒಂದೇ ಸಮ ಅಲ್ಲ.

ಕೋರ್ಸಿನಲ್ಲಿ ಲೆಕ್ಕ ಚೆನ್ನಾಗಿ ಹೇಳಿಕೊಟ್ಟರು. ಬಾಡಿಗೆ ಎಷ್ಟು ಬರುತ್ತೆ, ಬ್ಯಾಂಕ್ ಬಡ್ಡಿಗೆ ಎಷ್ಟು ಹೋಗುತ್ತೆ, ಕೈಯಲ್ಲಿ ಏನು ಉಳಿಯುತ್ತೆ. ಆದರೆ ಪಹಣಿ, ಇ-ಸ್ವತ್ತು (ಗ್ರಾಮ ಪಂಚಾಯ್ತಿಯ ಆಸ್ತಿ ದಾಖಲೆ), ಅಲಿನೇಷನ್ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸೋದು) ಬಗ್ಗೆ ಒಂದು ಮಾತೂ ಇಲ್ಲ. ನಮ್ಮೂರಲ್ಲಿ ವ್ಯವಹಾರ ನಿಲ್ಲೋದೇ ಅದರ ಮೇಲೆ, ಅಲ್ವಾ?

ಬ್ರೋಕರ್ ಶಾಮನೂರು ರಸ್ತೆ, ಹದಡಿ ರಸ್ತೆ, ಆವರಗೆರೆ ಕಡೆಯೆಲ್ಲ ಸುತ್ತಿಸಿದರು. ರೇಟು ಅವರಷ್ಟು ಯಾರಿಗೂ ಗೊತ್ತಿಲ್ಲ. ಮಾಲೀಕರು ಹೇಳೋದೆಷ್ಟು, ಕೊನೆಗೆ ಬಿಡೋದೆಷ್ಟು, ಕಾರ್ನರ್ ಸೈಟಿಗೆ ಎಷ್ಟು ಜಾಸ್ತಿ, ಎಲ್ಲಾ ಬಾಯಲ್ಲೇ ಇತ್ತು. ಆದರೆ ವ್ಯವಹಾರ ಕುದುರಿದರೆ ಮಾತ್ರ ಅವರಿಗೆ ಕಮಿಷನ್. ಹಾಗಾಗಿ ಯಾವ ಸೈಟು ತೋರಿಸಿದರೂ ‘ಪೇಪರ್ ಎಲ್ಲಾ ಕ್ಲಿಯರ್’ ಅನ್ನೋದೇ ಉತ್ತರ. ಗದ್ದೆ ತೆಗೆದು ಮಾಡಿದ ಲೇಔಟಿನಲ್ಲಿ ಮಳೆಗಾಲಕ್ಕೆ ನೀರು ನಿಲ್ಲುತ್ತಾ ಅಂತ ಅಕ್ಕಪಕ್ಕದ ಮನೆಯವರನ್ನು ನಾವೇ ಕೇಳಬೇಕು.

ನಾನು ನಿಜವಾಗಿ ಕಲಿತಿದ್ದು ಪತ್ರ ಬರಹಗಾರರ ಹತ್ತಿರ. ಸಬ್ ರಿಜಿಸ್ಟ್ರಾರ್ ಆಫೀಸಿನ ರಶ್ ಇಳಿದ ಮೇಲೆ, ಸಂಜೆ ಬಾ ಅಂದಿದ್ದರು. ನನಗೆ ಇಷ್ಟವಾಗಿದ್ದ ಒಂದು ಸೈಟಿನ ಕಾಗದ ಮುಂದಿಟ್ಟು ರೇಟು ಸರಿನಾ ಅಂತ ಕೇಳಿದೆ. ‘ರೇಟು ಆಮೇಲೆ ತಮ್ಮಾ, ಮೊದ್ಲು ಚಕ್ಕುಬಂದಿ ಓದು’ ಅಂದರು. ಚಕ್ಕುಬಂದಿ ಅಂದರೆ ಸೈಟಿನ ನಾಲ್ಕೂ ದಿಕ್ಕಿಗೆ ಏನಿದೆ ಅನ್ನೋ ವಿವರ. ಕ್ರಯಪತ್ರದಲ್ಲಿ ‘ಪೂರ್ವಕ್ಕೆ ರಸ್ತೆ’ ಅಂತಿತ್ತು. ಅವರು ಲೇಔಟ್ ನಕ್ಷೆ ಬಿಡಿಸಿ, ಅದೇ ಜಾಗದ ಮೇಲೆ ಬೆರಳಿಟ್ಟರು. ಅಲ್ಲಿ ಪಾರ್ಕು. ಆ ಸೈಟು ಅಲ್ಲಿಗೇ ಬಿಟ್ಟೆ.

ಆಮೇಲೆ ಇ.ಸಿ., ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಕ್ರಯ, ಸಾಲ ತೋರಿಸುವ ಋಣಭಾರ ಪತ್ರ, ಓದಲು ಕಲಿಸಿದರು. ಆನ್‌ಲೈನಿನಲ್ಲಿ ಸಿಗೋದು 2004ರ ಈಚಿನದು, ಅದಕ್ಕೂ ಹಿಂದಿನದಕ್ಕೆ ಆಫೀಸಿನಲ್ಲೇ ಹುಡುಕಿಸಬೇಕು. ನೋಂದಣಿಯಾಗದ ಅಗ್ರಿಮೆಂಟು, ಅಣ್ಣತಮ್ಮಂದಿರ ಪಾಲಿನ ತಕರಾರು ಇ.ಸಿ.ಯಲ್ಲಿ ಕಾಣಲ್ಲ. ಅದಕ್ಕೇ ವಂಶವೃಕ್ಷ ಕೇಳು ಅಂದರು. ಮೂಲದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಕಾಯ್ದೆ ಬರುತ್ತೆ. ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ, ಎಷ್ಟು ಕೈ ಬದಲಾದರೂ ಆ ಕ್ರಯ ನಿಲ್ಲಲ್ಲ. ಲೇಔಟು 500 ಚದರ ಮೀಟರ್‌ಗಿಂತ ದೊಡ್ಡದಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ನಂಬರ್ ನೋಡು ಅಂತಲೂ ಹೇಳಿದರು. ನಾನು ತಗೊಂಡರೂ ಬಿಟ್ಟರೂ ಅವರಿಗೆ ಲಾಭ ನಷ್ಟ ಇರಲಿಲ್ಲ. ನನಗೆ ನಂಬಿಕೆ ಬಂದಿದ್ದೇ ಅದರಿಂದ.

ಅವರ ಹತ್ತಿರವೂ ಒಂದು ಕೊರತೆ ಇದೆ. ಯಾವ ಏರಿಯಾ ಮುಂದೆ ಬೆಳೆಯುತ್ತೆ ಅಂದರೆ ಅವರು ಬಾಯಿ ಬಿಡಲ್ಲ. ಅದಕ್ಕೆ ಬ್ರೋಕರ್ ಜೊತೆ ಸುತ್ತಲೇಬೇಕು. ದುಡ್ಡು ಕೊಡುವ ಮುಂಚೆ ವಕೀಲರಿಗೆ ಫೀಸ್ ಕೊಟ್ಟು ಲೀಗಲ್ ಒಪೀನಿಯನ್ ತಗೊಳ್ಳೋದೂ ತಪ್ಪಿಸಬಾರದು.

ಹೊಸಬರು ಯಾರಾದರೂ ಇಂಥ ಹಿರಿಯರ ಹತ್ತಿರ ಹೋಗೋದಾದರೆ ಒಳ್ಳೆ ಮುಹೂರ್ತದ ದಿನ ಬೇಡ, ಅವತ್ತು ಅವರಿಗೆ ಪುರುಸೊತ್ತೇ ಇರಲ್ಲ. ಸುಮ್ನೆ ‘ಸೈಟು ತಗೊಳ್ಳಲಾ?’ ಅಂತ ಕೇಳಬೇಡಿ. ಮೂಲಪತ್ರ, ಇ.ಸಿ., ನಕ್ಷೆ ಮೂರರ ಜೆರಾಕ್ಸ್ ಹಿಡಿದು ಹೋಗಿ, ಓದಲು ಕಲಿಸಿ ಅಂತ ಕೇಳಿ.