ಎರಡು ಹಂತದ ಸ್ನೋ ಬ್ಲೋವರ್: ಹಲವು ಚಳಿಗಾಲದ ಬಳಕೆಯ ನಂತರ

ಊರಿಂದ ದೂರದ ಮನೆ, ರಸ್ತೆಯವರೆಗೆ ಉದ್ದನೆಯ ಜಲ್ಲಿ ದಾರಿ, ತಿಂಗಳುಗಟ್ಟಲೆ ಹಿಮ. ಇಂಥ ಕಡೆಗೆ 71 ಸೆಂ.ಮೀ. ಅಗಲದ ಪೆಟ್ರೋಲ್ ಸ್ನೋ ಬ್ಲೋವರ್ (ಹಿಮ ಕೊರೆದು ಪಕ್ಕಕ್ಕೆ ಎಸೆಯುವ ಯಂತ್ರ) ಹೇಳಿ ಮಾಡಿಸಿದಂತಿದೆ. ಆದರೆ ಅದು ಎಷ್ಟು ವರ್ಷ ಬಾಳುತ್ತದೆ ಎನ್ನುವುದನ್ನು ತೀರ್ಮಾನಿಸುವುದು ಎಂಜಿನ್ನಿನ ಶಕ್ತಿಯಲ್ಲ, ಶಿಯರ್ ಪಿನ್ನು, ಗ್ರೀಸು, ಬೆಲ್ಟಿನಂಥ ಸಣ್ಣ ಸಂಗತಿಗಳು.

ಎರಡು ಹಂತ ಎಂದರೆ: ಮುಂದಿನ ಆಗರ್ (ತಿರುಗುವ ಸುರುಳಿ ಅಲಗು) ಹಿಮವನ್ನು ಕೊರೆದು ನಡುವಿಗೆ ಎಳೆದುಕೊಳ್ಳುತ್ತದೆ, ಹಿಂದಿನ ಇಂಪೆಲ್ಲರ್ (ಫ್ಯಾನಿನಂಥ ಚಕ್ರ) ಅದನ್ನು ಚ್ಯೂಟ್ ಎಂಬ ಕೊಳವೆಯಿಂದ ಎಸೆಯುತ್ತದೆ. ಆಗರ್ ನೆಲಕ್ಕೆ ತಾಗುವುದಿಲ್ಲವಾದ್ದರಿಂದ ಜಲ್ಲಿಗೆ ಇದೇ ಸರಿ. ಒಂದೇ ಹಂತದ ಯಂತ್ರ ಕಲ್ಲನ್ನೂ ಹೆಕ್ಕಿ ಎಸೆಯುತ್ತದೆ. ಆದರೂ ಸ್ಕ್ರೇಪರ್ ಬಾರ್ (ಕೆಳ ಅಂಚಿನ ಹೆರೆಯುವ ಪಟ್ಟಿ) ನೆಲದಿಂದ 2–3 ಸೆಂ.ಮೀ. ಮೇಲಿರುವಂತೆ ಎರಡು ಬದಿಯ ಸ್ಕಿಡ್ ಶೂಗಳನ್ನು (ನೆಲದ ಮೇಲೆ ಜಾರುವ ಪಾದಗಳನ್ನು) ಹೊಂದಿಸಿಕೊಳ್ಳಿ, ಎರಡೂ ಬದಿ ಸಮವಾಗಿರಲಿ. ಮೊದಲ ಹಿಮವನ್ನು ವಾಹನ ಓಡಿಸಿ ಅಮುಕಿಬಿಟ್ಟರೆ ಜಲ್ಲಿ ಹೆಪ್ಪುಗಟ್ಟಿ ಅಲ್ಲೇ ಕೂರುತ್ತದೆ, ಮುಂದಿನ ಕೆಲಸ ಸಲೀಸು.

ಎಷ್ಟು ದೂರ ಎಸೆಯುತ್ತದೆ ಎಂಬ ಕಂಪನಿಯ ಲೆಕ್ಕ ಒಣ ಹಿಮಕ್ಕೆ ಮಾತ್ರ ನಿಜ. ಹೊಸದಾಗಿ ಬಿದ್ದ ಒಣ ಹಿಮ ಘನ ಮೀಟರಿಗೆ 50–100 ಕೆಜಿ ತೂಗಿದರೆ, ಒದ್ದೆ ಹಿಮ 300 ಕೆಜಿ ದಾಟುತ್ತದೆ. ರಸ್ತೆಯ ಹಿಮ ತಳ್ಳುವ ದೊಡ್ಡ ಗಾಡಿ ನಮ್ಮ ದಾರಿಯ ಬಾಯಲ್ಲಿ ಒಟ್ಟಿಹೋಗುವ ದಿಬ್ಬವಂತೂ ಇನ್ನೂ ಬಿರುಸು. ಅಲ್ಲಿ ಥ್ರಾಟಲ್ (ಎಂಜಿನ್ನಿನ ವೇಗದ ಹಿಡಿ) ಪೂರ್ತಿ ಇರಲಿ, ಗೇರ್ ಕೆಳಗಿಳಿಸಿ ಅರ್ಧ ಅಗಲವನ್ನಷ್ಟೇ ಕೊರೆಯಿರಿ. ಹಿಮ ಅಂಟುತ್ತದೆಂದು ಥ್ರಾಟಲ್ ಇಳಿಸಿದರೆ ಇಂಪೆಲ್ಲರಿನ ವೇಗ ಕುಸಿದು ಚ್ಯೂಟ್ ಇನ್ನೂ ಬೇಗ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡಾಗ ಎಂಜಿನ್ ಆರಿಸಿ, ಎಲ್ಲ ನಿಂತ ಮೇಲೆ ಕೋಲಿನಿಂದಲೇ ಬಿಡಿಸಬೇಕು. ಎಂಜಿನ್ ಆರಿದ್ದರೂ ಬೆಲ್ಟಿನಲ್ಲಿ ಉಳಿದ ಬಿಗಿತಕ್ಕೆ ಇಂಪೆಲ್ಲರ್ ಫಕ್ಕನೆ ತಿರುಗಬಹುದು. ಬೆರಳು ಹೋಗುವುದು ಹೀಗೆಯೇ, ದಯವಿಟ್ಟು ಕೈ ಹಾಕಬೇಡಿ.

ಈಗ ಶಿಯರ್ ಪಿನ್, ಅಂದರೆ ಆಗರನ್ನು ಅದರ ಶಾಫ್ಟಿಗೆ ಸೇರಿಸುವ ಮೆದು ಪಿನ್. ಕಲ್ಲೋ ಗಟ್ಟಿ ಮಂಜುಗಡ್ಡೆಯೋ ಸಿಕ್ಕಾಗ ತಾನು ಮುರಿದು ಗೇರ್‌ಬಾಕ್ಸ್ ಉಳಿಸುವುದೇ ಅದರ ಕೆಲಸ. ಪದೇ ಪದೇ ಮುರಿಯುತ್ತದೆಂದು ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಸಲ ಒಡೆಯುವುದು ಗೇರ್. ಹೆಚ್ಚಿನವರು ಮರೆಯುವ ಮಾತೊಂದಿದೆ: ಆಗರ್ ತನ್ನ ಶಾಫ್ಟಿಗೆ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಪಿನ್ ಮುರಿದರೂ ಉಪಯೋಗವಿಲ್ಲ, ಪೆಟ್ಟು ನೇರ ಗೇರ್‌ಬಾಕ್ಸಿಗೇ. ವರ್ಷಕ್ಕೊಮ್ಮೆ ಪಿನ್ ಕಳಚಿ ನಿಪ್ಪಲ್ಲಿಗೆ (ಗ್ರೀಸ್ ತುಂಬುವ ಮೂತಿಗೆ) ಗ್ರೀಸ್ ಒತ್ತಿ, ಆಗರ್ ಕೈಯಿಂದ ಸಲೀಸಾಗಿ ತಿರುಗುವವರೆಗೆ ತಿರುಗಿಸಿ. ಕಚ್ಚಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿ ಹಾಗೇ ಇಡಿ.

ಯಂತ್ರವನ್ನು ಬೆಚ್ಚಗಿನ ಗ್ಯಾರೇಜಿನಿಂದ ನೇರ ಹಿಮಕ್ಕೆ ನುಗ್ಗಿಸಬಾರದು. ಬಿಸಿ ತಗಡಿಗೆ ತಾಗಿದ ಹಿಮ ಕರಗಿ, ಮರುಗಳಿಗೆಯಲ್ಲೇ ಹೆಪ್ಪುಗಟ್ಟಿ ಚ್ಯೂಟಿನ ಒಳಗೋಡೆಗೆ ಮೆತ್ತಿಕೊಳ್ಳುತ್ತದೆ. ಬಿಸಿಯಿಲ್ಲದ ಕೊಟ್ಟಿಗೆಯೇ ಮೇಲು. ಕೆಲಸ ಮುಗಿದ ಮೇಲೆ ಒಂದೆರಡು ನಿಮಿಷ ಆಗರನ್ನು ಬರಿದೇ ಓಡಿಸಿ ಉಳಿದ ಹಿಮ ಉದುರಿಸಿ. ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಇಂಪೆಲ್ಲರ್ ಗೂಡಿಗೆ ಅಂಟಿರುತ್ತದೆ. ಗೊತ್ತಾಗದೆ ಲಿವರ್ ಒತ್ತಿದರೆ ರಬ್ಬರ್ ಸುಟ್ಟ ವಾಸನೆ, ಬೆಲ್ಟ್ ಹೋಯಿತೆಂದೇ ಲೆಕ್ಕ.

ಎಂಜಿನ್ ಎಣ್ಣೆ 5ಡಬ್ಲ್ಯು-30 ದರ್ಜೆಯದು ಸಾಕು, ಕಡುಚಳಿಗೆ ಸಿಂಥೆಟಿಕ್ ಒಳ್ಳೆಯದು. ಯಂತ್ರ ಒಂದು ಪಕ್ಕಕ್ಕೇ ಎಳೆಯುತ್ತಿದ್ದರೆ ಮೊದಲು ಟೈರುಗಳ ಗಾಳಿ ನೋಡಿ. ಚಳಿಗೆ ಒತ್ತಡ ಇಳಿದಿರುತ್ತದೆ. ಗೇರ್ ಹಾಕಿದರೂ ಯಂತ್ರ ಮುಂದೆ ಹೋಗದಿದ್ದರೆ ಚಕ್ರಗಳಿಗೆ ಶಕ್ತಿ ದಾಟಿಸುವ ಫ್ರಿಕ್ಷನ್ ಡಿಸ್ಕಿನ ರಬ್ಬರ್ ಸವೆದಿರಬೇಕು, ಅಥವಾ ಅದಕ್ಕೆ ಗ್ರೀಸ್ ತಾಗಿರಬೇಕು.

ಚಳಿಗಾಲದ ಮೊದಲ ವಾರಗಳಲ್ಲಿ ದಾರಿಯನ್ನು ಬೇಕಾದ್ದಕ್ಕಿಂತ ಅಗಲ ಬಿಡಿಸಿ, ಗಾಳಿ ಸಾಗುವ ದಿಕ್ಕಿಗೇ ಹಿಮ ಎಸೆಯಿರಿ. ಅಂಚಿನ ದಿಬ್ಬಗಳು ಬೆಳೆಯುತ್ತಾ ದಾರಿಯನ್ನು ಇಕ್ಕಟ್ಟಾಗಿಸುತ್ತವೆ, ಗಟ್ಟಿಯಾದ ಮೇಲೆ ಅವನ್ನು ಹಿಂದಕ್ಕೆ ಸರಿಸಲು ಈ ಯಂತ್ರಕ್ಕೂ ಆಗದು. ವಸಂತದಲ್ಲಿ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ ಕಾರ್ಬ್ಯುರೇಟರ್ ಒಣಗಿಸಿ. ಎಥೆನಾಲ್ ಬೆರೆತ ಪೆಟ್ರೋಲ್ ಅಲ್ಲಿ ಬೇಸಿಗೆ ಕಳೆದರೆ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ರಂಧ್ರ) ಕಟ್ಟಿಕೊಳ್ಳುತ್ತದೆ, ಮೊದಲ ಹಿಮದ ದಿನ ಹಗ್ಗ ಎಷ್ಟೆಳೆದರೂ ಎಂಜಿನ್ ಹತ್ತುವುದಿಲ್ಲ.