ರೂಫ್ ಕೀಳಿಸೋರು ಡಂಪ್‌ಸ್ಟರ್ ಬುಕ್ ಮಾಡೋ ಮುಂಚೆ ಇದನ್ನ ಓದ್ಬಿಡಿ

ನ್ಯೂಜೆರ್ಸಿನಲ್ಲಿ ನಮ್ಮದು ಹಳೇ ಮನೆ, ಹೋದ ಜುಲೈನಲ್ಲಿ ರೂಫ್ ಹೊಸದಾಗಿ ಹಾಕಿಸಿದ್ವಿ. ರೂಫಿಂಗ್‌ನವನು ಕಸ ಸಾಗಿಸೋದೂ ಸೇರಿಸೇ ರೇಟ್ ಹೇಳಿದ್ದ, ನಾನೇ ದೊಡ್ಡ ಜಾಣ ಅನ್ಕೊಂಡು ಡಂಪ್‌ಸ್ಟರ್, ಅಂದ್ರೆ ಕಸ ತುಂಬಿ ಒಯ್ಯೋ ದೊಡ್ಡ ಕಬ್ಬಿಣದ ಡಬ್ಬ, ನಾನೇ ತರಿಸ್ತೀನಿ, ಅದರ ದುಡ್ಡು ಕಳೆದುಬಿಡಪ್ಪ ಅಂದೆ. ಉಳೀಬೇಕಾಗಿದ್ದು ಇನ್ನೂರು ಡಾಲರ್.

ಆನ್‌ಲೈನಲ್ಲಿ 20 ಕ್ಯೂಬಿಕ್ ಯಾರ್ಡ್ ಡಬ್ಬ, ಏಳು ದಿನ, ಫ್ಲಾಟ್ ರೇಟ್ ಅಂತಿತ್ತು, ಕಣ್ಮುಚ್ಕೊಂಡು ಕಾರ್ಡ್ ನಂಬರ್ ಕೊಟ್ಟೆ. ಅದ್ರಲ್ಲಿ ಸೇರಿರೋ ತೂಕ ಬರೀ 2 ಟನ್ (ಇಲ್ಲಿನ ಟನ್ ಅಂದ್ರೆ 2000 ಪೌಂಡ್) ಅಂತ ಕೆಳಗೆಲ್ಲೋ ಇರುವೆ ಸಾಲಿನಂಥ ಅಕ್ಷರದಲ್ಲಿತ್ತು. ನಾನು ನೋಡಿದ್ದು ಡಬ್ಬದ ಉದ್ದ ಅಗಲ ಮಾತ್ರ. ಶಿಂಗಲ್ಸ್ ಅಂದ್ರೆ, ರೂಫ್ ಮೇಲೆ ಹೊದಿಸೋ ಡಾಂಬರು ಹಾಳೆಗಳು, ಹಳೇ ಸೋಫಾ ಥರ ಅಲ್ಲ ಸ್ವಾಮಿ, 100 ಚದರಡಿಗೆ, ಅಂದ್ರೆ ರೂಫಿಂಗ್‌ನವರ ಒಂದು ಸ್ಕ್ವೇರ್‌ಗೆ, ಹತ್ತಿರ ಹತ್ತಿರ 240 ಪೌಂಡ್. ನಮ್ಮದು 24 ಸ್ಕ್ವೇರ್, ಒಂದೇ ಪದರ ಇದ್ರೂ 3 ಟನ್ ಹತ್ರ ಆಗ್ತಿತ್ತು. ಕಿತ್ತು ನೋಡಿದ್ರೆ ಕೆಳಗೆ ಇನ್ನೊಂದು ಪದರ, ಹಳೇ ಓನರ್ ಪುಣ್ಯಾತ್ಮ ಕೀಳದೇನೇ ಮೇಲೆ ಹೊದಿಸಿಬಿಟ್ಟಿದ್ದ!

ಮಧ್ಯಾಹ್ನದೊಳಗೆ ಡಬ್ಬ ತುಂಬಿ ಮೇಲೆ ಗುಡ್ಡೆ. ಒಯ್ಯೋಕೆ ಬಂದ ಡ್ರೈವರ್ ಗಾಡಿಯಿಂದ ಇಳೀಲೂ ಇಲ್ಲ, ಅಂಚಿಗಿಂತ ಮೇಲಿದೆ ಒಯ್ಯೋಕಾಗಲ್ಲ ಅಂತ ಹೊರಟೇಹೋದ, ಸುಮ್ನೆ ಬಂದು ಹೋಗಿದ್ದಕ್ಕೆ 150 ಡಾಲರ್. ಬುಕ್ ಮಾಡಿದ ಕಡೆಗೆ ಫೋನ್ ಮಾಡಿದ್ರೆ ಆಗ ಗೊತ್ತಾಯ್ತು ಅವರು ಬರೀ ಬ್ರೋಕರ್, ಡಬ್ಬ ಇನ್ಯಾರದ್ದೋ, ಇವರು ಅವರನ್ನ ಕೇಳಿ ಅಂತಾರೆ ಅವರು ಇವರನ್ನ ಕೇಳಿ ಅಂತಾರೆ.

ಕೊನೆಗೆ ನಾನೂ ನನ್ನ ಹೆಂಡ್ತೀನೂ ಗ್ಲೌಸ್ ಹಾಕ್ಕೊಂಡು, ಮೊಳೆ ಚುಚ್ಚಿಸ್ಕೊಂಡು, ಮೇಲಿನ ಗುಡ್ಡೆ ಇಳಿಸಿದ್ವಿ. ವಾರ ಆದ್ಮೇಲೆ ಕಾರ್ಡಿಂದ ಇನ್ನೊಂದು 304 ಡಾಲರ್ ಹೋಯ್ತು. ತೂಕದ ಚೀಟಿ ಕಳ್ಸಿ ಅಂತ ಜಗಳ ಆಡಿ ತರಿಸ್ಕೊಂಡೆ, 5.2 ಟನ್, 2 ಟನ್ ಮೀರಿದ ಪ್ರತಿ ಟನ್‌ಗೆ 95 ಡಾಲರ್. ಲೆಕ್ಕ ಸರಿಯಾಗೇ ಇತ್ತು, ಹೊಟ್ಟೆ ಉರಿಯೋದೇ ಅದಕ್ಕೆ.

ಡ್ರೈವ್‌ವೇ, ಅಂದ್ರೆ ಮನೆ ಮುಂದೆ ಕಾರು ನಿಲ್ಸೋ ಜಾಗದ ಕಥೆ ಬೇರೆ. ಬಿಸಿಲಿಗೆ ಮೆತ್ತಗಾಗಿದ್ದ ಡಾಂಬರಲ್ಲಿ ಡಬ್ಬದ ಕಬ್ಬಿಣದ ಚಕ್ರ ಹೂತು ಎರಡು ಗೀರು ಬಿದ್ದಿದೆ, ಹೆಬ್ಬೆಟ್ಟು ಇಟ್ರೆ ಮುಳುಗುತ್ತೆ. ಕೆಳಗೆ ಪ್ಲೈವುಡ್ ಹಲಗೆ ಹಾಕಿಸಿ, ಮರೀಬೇಡಿ.

ರೂಫರ್‌ಗೆ ಮೊದಲೇ ಅಂಚು ಎತ್ತಿ ಎಷ್ಟು ಪದರ ಇದೆ ನೋಡೋಕೆ ಹೇಳಿ. ಎಷ್ಟು ಟನ್ ಸೇರಿದೆ, ಅದನ್ನ ಮೀರಿದ್ರೆ ಟನ್‌ಗೆ ಎಷ್ಟು ಅಂತ ಈಮೇಲಲ್ಲಿ ಬರೆಸ್ಕೊಳ್ಳಿ. ನನ್ನ ಕೇಳಿದ್ರೆ ಈ ತಲೆನೋವು ರೂಫರ್‌ಗೇ ಬಿಡಿ. ನಾವು ಇಳಿಸಿದ ಶಿಂಗಲ್ಸ್ ಇನ್ನೂ ಗರಾಜಲ್ಲೇ ಇದೆ, ಕಾರು ಹೊರಗೆ ನಿಂತಿದೆ.